ತಂಪುಹವೆಯಲ್ಲಿ ಅಂಜೂರದ ಬೇಸಾಯ

ತಂಪುಹವೆಯ ಅಂಜೂರ ಬೇಸಾಯವೆಂದರೆ, ಬೇಸಿಗೆ ಚಿಕ್ಕದಾಗಿಯೂ ಸೌಮ್ಯವಾಗಿಯೂ ಇರುವ ನಾಡುಗಳಲ್ಲಿ ಫೈಕಸ್ ಕ್ಯಾರಿಕಾ ಎಂಬ ಮರವನ್ನು ಬೆಳೆಸಿ, ಅದರ ಕಾಯಿ ಮರದ ಮೇಲೆಯೇ ಹಣ್ಣಾಗುವಂತೆ ಮಾಡುವ ತೋಟಗಾರಿಕೆಯ ಪದ್ಧತಿ. ಇಂಗ್ಲೆಂಡ್, ಉತ್ತರ ಫ್ರಾನ್ಸ್, ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪ, ಕೆನಡಾ ಮತ್ತು ಅಮೆರಿಕದ ವಾಯವ್ಯ ಕರಾವಳಿ ಇದರ ಮುಖ್ಯ ನೆಲೆಗಳು. ಅಮೆರಿಕದ ಈಶಾನ್ಯ ನಗರಗಳ ಹಿತ್ತಲುಗಳನ್ನೂ ಇದರ ಜೊತೆಗೆ ಸೇರಿಸುವುದು ರೂಢಿ, ಆದರೆ ಅಲ್ಲಿನ ಸಮಸ್ಯೆ ಬೇರೆ ಬಗೆಯದು. ಇಂಥ ನಾಡುಗಳಲ್ಲಿ ಅಂಜೂರಕ್ಕೆ ಚಳಿಯೇ ಶತ್ರು ಎಂಬುದು ಸಾಮಾನ್ಯ ತಿಳಿವಳಿಕೆ. ಮರದ ಬೆಳವಣಿಗೆಯನ್ನೂ ಬೆಳೆಗಾರರ ರೂಢಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ತಿಳಿವಳಿಕೆ ಅರ್ಧ ಮಾತ್ರ ಸರಿ ಎನ್ನಬೇಕಾಗುತ್ತದೆ. ಮರ ಬದುಕುವುದು ಚಳಿಗಾಲದ ಪ್ರಶ್ನೆ, ಕಾಯಿ ಹಣ್ಣಾಗುವುದು ಬೇಸಿಗೆಯ ದಿನಗಳ ಲೆಕ್ಕ. ಈ ಬೇಸಾಯದ ಹೆಚ್ಚಿನ ಉಪಾಯಗಳೆಲ್ಲ ಎರಡನೆಯ ಲೆಕ್ಕವನ್ನು ಸರಿದೂಗಿಸಲು ಹುಟ್ಟಿದವು.

ಪರಿಭಾಷೆ

ಈ ಲೇಖನದಲ್ಲಿ ಬಟಾಣಿ ಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ ಎಳೆಯ ಅಂಜೂರಕ್ಕೆ ‘ಹೀಚು’, ಅದಕ್ಕಿಂತ ದೊಡ್ಡದಾಗಿ ಇನ್ನೂ ಹಸಿರಾಗಿರುವುದಕ್ಕೆ ‘ಕಾಯಿ’, ಮಾಗಿದ್ದಕ್ಕೆ ‘ಹಣ್ಣು’ ಎಂಬ ಪದಗಳನ್ನು ಬಳಸಿದೆ. ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ ಬರುವ, ಬೇರೆಡೆ ಬ್ರೀಬಾ ಎಂದು ಕರೆಯುವ ಫಸಲು ಇಲ್ಲಿ ‘ಹಳೆಕಡ್ಡಿ ಫಸಲು’. ಅದೇ ವರ್ಷದ ಚಿಗುರಿನ ಮೇಲೆ ಬರುವುದು ‘ಹೊಸಕಡ್ಡಿ ಫಸಲು’. ಬೆಚ್ಚನೆಯ ದೇಶಗಳಲ್ಲಿ ಎರಡನೆಯದನ್ನೇ ಮುಖ್ಯ ಫಸಲು ಎನ್ನುತ್ತಾರೆ. ತಂಪು ನಾಡಿನಲ್ಲಿ ಬಹುಪಾಲು ಕೈಗೆ ಬಾರದ ಫಸಲನ್ನು ಮುಖ್ಯ ಎನ್ನುವುದು ಗೊಂದಲಕ್ಕೆ ದಾರಿಯಾದ್ದರಿಂದ ಆ ಹೆಸರನ್ನು ಇಲ್ಲಿ ಕೈಬಿಡಲಾಗಿದೆ. ಕಾಯಿಯ ತುದಿಯಲ್ಲಿರುವ ಕಿರುರಂಧ್ರ ‘ಕಣ್ಣು’.

ಮೂಲ ಮತ್ತು ಪ್ರಸಾರ

ಅಂಜೂರದ ತವರು ಪಶ್ಚಿಮ ಏಷ್ಯಾ ಮತ್ತು ಮೆಡಿಟರೇನಿಯನ್ನಿನ ಪೂರ್ವಭಾಗ. ಜೋರ್ಡನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸಿಕ್ಕ, ಸುಮಾರು 11,400 ವರ್ಷ ಹಳೆಯ ಒಣ ಅಂಜೂರಗಳು ಪರಾಗವಿಲ್ಲದೆ ಕಟ್ಟಿದ ಕಾಯಿಗಳೆಂದೂ ಆದ್ದರಿಂದ ಮನುಷ್ಯರು ಕಡ್ಡಿ ನೆಟ್ಟು ಬೆಳೆಸಿದವೆಂದೂ 2006ರಲ್ಲಿ ಸಂಶೋಧಕರು ವಾದಿಸಿದರು. ಆ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ, ಏಕೆಂದರೆ ಕಾಡಿನ ಮರದಲ್ಲೂ ಅಂಥ ಕಾಯಿ ಬಿಡಬಹುದು. ರೋಮನರ ಕಾಲದ ಲಂಡನ್ನಿನ ಮಣ್ಣಿನ ಪದರಗಳಲ್ಲಿ ಅಂಜೂರದ ಬೀಜಗಳು ದೊರೆತಿವೆ. ಅವು ಒಣಹಣ್ಣಿನ ಆಮದಿನ ಗುರುತಾಗಿರಬಹುದಾದ್ದರಿಂದ ಅಲ್ಲಿ ಮರ ಇತ್ತೆಂಬುದಕ್ಕೆ ಅವನ್ನು ಸಾಕ್ಷಿಯಾಗಿ ಹಿಡಿಯಲಾಗದು. ಇಂಗ್ಲೆಂಡಿನಲ್ಲಿ ಬೇಸಾಯದ ಸ್ಪಷ್ಟ ಪರಂಪರೆ ಕಾಣುವುದು 16ನೇ ಶತಮಾನದಿಂದ ಈಚೆಗೆ. ಲಂಡನ್ನಿನ ಲ್ಯಾಂಬೆತ್ ಅರಮನೆಯ ವೈಟ್ ಮಾರ್ಸೇಲ್ಸ್ ಮರವನ್ನು ಕಾರ್ಡಿನಲ್ ರೆಜಿನಾಲ್ಡ್ ಪೋಲ್ ತರಿಸಿ ನೆಡಿಸಿದರೆಂಬುದು ಅಲ್ಲಿನ ಪ್ರತೀತಿ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಮರವನ್ನು ಅರಬ್ಬೀ ವಿದ್ವಾಂಸ ಎಡ್ವರ್ಡ್ ಪೋಕಾಕ್ ಹೆಸರಿನಿಂದ ಗುರುತಿಸುತ್ತಾರೆ.

ಫ್ರಾನ್ಸಿನಲ್ಲಿ ಅಂಜೂರವನ್ನು ಉತ್ತರಕ್ಕೆ ಸೆಳೆದದ್ದು ಅರಮನೆಯ ನಾಲಿಗೆ. ಹದಿನಾಲ್ಕನೇ ಲೂಯಿಗೆ ಈ ಹಣ್ಣೆಂದರೆ ಬಹಳ ಇಷ್ಟ. ವರ್ಸೇಲ್ಸಿನಲ್ಲಿ 1678ರಿಂದ 1683ರ ನಡುವೆ ಅರಸನ ಕೈತೋಟವನ್ನು ಕಟ್ಟಿದ ಜ್ಯಾನ್ ಬಾಪ್ಟಿಸ್ಟ್ ದ ಲಾ ಕ್ಯಾಂತಿನಿ ಅಂಜೂರಕ್ಕೆಂದೇ ಬೇರೆ ಆವರಣ ಮಾಡಿ, ನೂರಾರು ಗಿಡಗಳನ್ನು ಮರದ ಪೆಟ್ಟಿಗೆಗಳಲ್ಲಿ ಬೆಳೆಸಿದ. ಚಳಿ ಬಂದಾಗ ಪೆಟ್ಟಿಗೆಗಳು ಮಾಡಿನ ಕೆಳಗೆ, ಬಿಸಿಲು ಬಂದಾಗ ಬಯಲಿಗೆ. ಪ್ಯಾರಿಸ್ ಬಳಿಯ ಅರ್ಜಾಂತೆಯ್ ಊರಿನ ರೈತರಿಗೆ ಅಂಥ ಐಶ್ವರ್ಯವಿರಲಿಲ್ಲ, ಪೆಟ್ಟಿಗೆಯ ಬದಲು ಅವರು ನೆಲವನ್ನೇ ಬಳಸಿದರು. ಶರತ್ಕಾಲದ ಕೊನೆಗೆ ಬಳುಕುವ ರೆಂಬೆಗಳನ್ನು ಬಾಗಿಸಿ ಕಾಲುವೆಯಲ್ಲಿ ಮಲಗಿಸಿ ಮಣ್ಣು ಮುಚ್ಚುವುದು, ವಸಂತದಲ್ಲಿ ಎಬ್ಬಿಸುವುದು ಅವರ ಕ್ರಮ. ‘ಬ್ಲಾಂಶ್ ದಾರ್ಜಾಂತೆಯ್’ ತಳಿಯ ಹಣ್ಣು ಹೀಗೆ 19ನೇ ಶತಮಾನದ ಪ್ಯಾರಿಸ್ ಮಾರುಕಟ್ಟೆಗೆ ಬರುತ್ತಿತ್ತು. ಅಟ್ಲಾಂಟಿಕ್ಕಿನ ಆಚೆಗೆ ಕಡ್ಡಿಗಳನ್ನು ಒಯ್ದವರಲ್ಲಿ ದಕ್ಷಿಣ ಇಟಲಿಯ ವಲಸಿಗರು ಮುಖ್ಯರು. ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ಹಿತ್ತಲುಗಳಲ್ಲಿ ಚಳಿಗಾಲಕ್ಕೆ ಹೊದಿಕೆ ಸುತ್ತಿ, ತಲೆಯ ಮೇಲೆ ಬಕೆಟ್ ಕವುಚಿ ನಿಲ್ಲಿಸಿದ ಅಂಜೂರದ ಗಿಡ ಅವರ ಬೀದಿಗಳ ಗುರುತೇ ಆಯಿತು.

ರಚನೆ ಮತ್ತು ಮಾಗುವಿಕೆ

ಅಂಜೂರದ ‘ಹಣ್ಣು’ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದು ಹಣ್ಣಲ್ಲ. ಅದು ಒಳಮುಖವಾಗಿ ಮಡಿಚಿಕೊಂಡ ಹೂಗೊಂಚಲು. ನಮ್ಮ ಅತ್ತಿ, ಆಲ, ಅರಳಿ ಎಲ್ಲವೂ ಇದೇ ಕುಲದವು. ಅತ್ತಿಹಣ್ಣನ್ನು ಬಿಡಿಸಿದರೆ ಹುಳ ಎಂಬ ಮಾತಿನ ಹಿಂದಿರುವ ಜೀವಿಯೂ ಈ ಹೂಗೊಂಚಲಿನೊಳಗೆ ಸೇರುವ ಕಣಜವೇ. ಅಂಜೂರದ ಕಣಜ ಬ್ಲಾಸ್ಟೋಫಾಗಾ ಸೀನಿಸ್, ಗಂಡು ಅಂಜೂರದ ಮರದಲ್ಲಿ ಹುಟ್ಟಿ ಪರಾಗವನ್ನು ಹೊತ್ತು ಕಣ್ಣಿನ ಮೂಲಕ ಹೆಣ್ಣು ಕಾಯಿಯೊಳಗೆ ನುಗ್ಗುತ್ತದೆ. ಬೇಸಾಯದ ತಳಿಗಳು ಈ ಕಣಜದ ಅಗತ್ಯವನ್ನು ಅನುಸರಿಸಿ ಮೂರು ಬಗೆ. ಸಾಮಾನ್ಯ ಬಗೆಗೆ ಯಾವ ಫಸಲಿಗೂ ಪರಾಗ ಬೇಡ. ಸ್ಮಿರ್ನಾ ಬಗೆ ಪರಾಗವಿಲ್ಲದಿದ್ದರೆ ಕಾಯಿ ಉದುರಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಫಲ ಕೊಟ್ಟದ್ದು 1899ರಲ್ಲಿ ಕಣಜವನ್ನು ತಂದು ನೆಲೆಗೊಳಿಸಿದ ಮೇಲೆಯೇ. ಸ್ಯಾನ್ ಪೆದ್ರೊ ಬಗೆಯಲ್ಲಿ ಹಳೆಕಡ್ಡಿ ಫಸಲಿಗೆ ಪರಾಗ ಬೇಡ, ಹೊಸಕಡ್ಡಿ ಫಸಲಿಗೆ ಬೇಕು. ಇಂಗ್ಲೆಂಡಿನಂಥ ನಾಡಿನಲ್ಲಿ ಈ ಕಣಜ ನೆಲೆಸಿಲ್ಲವಾದ್ದರಿಂದ ಸ್ಮಿರ್ನಾ ಬಗೆ ಅಲ್ಲಿಗೆ ಹೇಳಿದ್ದಲ್ಲ.

ಕಾಯಿಯ ಬೆಳವಣಿಗೆ ಮೂರು ಹಂತಗಳದು. ಮೊದಲು ಬೇಗ ಬೇಗ ಗಾತ್ರ ಹೆಚ್ಚುತ್ತದೆ. ಬಳಿಕ ವಾರಗಟ್ಟಲೆ ಏನೂ ಆಗದಂತೆ ನಿಂತುಬಿಡುತ್ತದೆ. ಕೊನೆಗೆ ಕೆಲವೇ ದಿನಗಳಲ್ಲಿ ಉಬ್ಬಿ, ಬಣ್ಣ ತಿರುಗಿ, ಮೆತ್ತಗಾಗುತ್ತದೆ. ಸಕ್ಕರೆಯ ಬಹುಭಾಗ ತುಂಬುವುದು ಈ ಕೊನೆಯ ಹಂತದಲ್ಲಿ. ಅರ್ಥ ಇಷ್ಟು: ಮೂರನೆಯ ಹಂತಕ್ಕೆ ಕಾಲಿಡದ ಕಾಯಿ ಎಷ್ಟೇ ದಪ್ಪವಿದ್ದರೂ ತಿನ್ನಲು ಬಾರದು. ಮಾವು, ಬಾಳೆಗಳಂತೆ ಇದನ್ನು ದೋರೆಗಾಯಿಯಾಗಿ ಕಿತ್ತು ಹುಲ್ಲಿನಲ್ಲಿಟ್ಟು ಅಡೆ ಹಾಕಿದರೆ ಮೆತ್ತಗಾದೀತೇ ಹೊರತು ಸಿಹಿಯಾಗದು. ತಂಪುಹವೆ ಕಾಯಿಯನ್ನು ಕೊಲ್ಲುವುದು ಅಪರೂಪ. ಅದು ಕಾಯಿಯನ್ನು ಎರಡನೆಯ ಹಂತದಲ್ಲೇ ನಿಲ್ಲಿಸಿಬಿಡುತ್ತದೆ. ಹೊಸ ಚಿಗುರಿನ ಕಂಕುಳಲ್ಲಿ ಹೀಚು ಕಾಣಿಸಿಕೊಂಡಾಗಿನಿಂದ ಹಣ್ಣಾಗಲು, ತಳಿಯನ್ನೂ ಬಿಸಿಯನ್ನೂ ಅವಲಂಬಿಸಿ, ಮೂರರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಲಂಡನ್ನಿನಲ್ಲಿ ಆ ಹೀಚು ಕಾಣುವುದು ಜೂನ್, ಜುಲೈಯಲ್ಲಿ. ಲೆಕ್ಕ ಅಕ್ಟೋಬರಿಗೆ ಬಂದು ನಿಲ್ಲುತ್ತದೆ, ಆಗ ಅಲ್ಲಿ ಮರ ಎಲೆ ಉದುರಿಸುವ ಹೊತ್ತು.

ಮರಕ್ಕೆ ಇದಕ್ಕೊಂದು ಸ್ವಂತ ಪರಿಹಾರವಿದೆ. ಬೇಸಿಗೆಯ ಕೊನೆಗೆ ಕಡ್ಡಿಯ ತುದಿಯಲ್ಲಿ ಮೂಡಿದ ಹೀಚುಗಳು ಆ ವರ್ಷ ಬೆಳೆಯದೆ, ಮೊಗ್ಗಿನಂತೆ ಮುದುಡಿ ಚಳಿಗಾಲವನ್ನು ಕಳೆಯುತ್ತವೆ. ವಸಂತ ಬಂದೊಡನೆ ಅವು ಹೊಸ ಎಲೆಗಳ ಜೊತೆಗೇ ಉಬ್ಬತೊಡಗುತ್ತವೆ. ಹೊಸ ಚಿಗುರು ಬೆಳೆದು ಅದರಲ್ಲಿ ಹೀಚು ಮೂಡುವವರೆಗೆ ಕಾಯಬೇಕಾದ ಎರಡು ತಿಂಗಳು ಇವಕ್ಕೆ ಉಳಿತಾಯ. ಇಂಗ್ಲೆಂಡಿನಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಬಯಲಿನ ಮರದಿಂದ ಕೊಯ್ಯುವ ಹಣ್ಣು ಹೆಚ್ಚಾಗಿ ಇದೇ ಹಳೆಕಡ್ಡಿ ಫಸಲು.

ಚಳಿಯೋ, ಬಿಸಿಯ ಕೊರತೆಯೋ

ಎಲೆ ಉದುರಿಸಿ ಮಲಗಿದ, ಬಲಿತ ಅಂಜೂರದ ಕಾಂಡ ಸುಮಾರು ಮೈನಸ್ 10 ಡಿಗ್ರಿ ಸೆಲ್ಸಿಯಸ್‌ವರೆಗಿನ ಚಳಿಯನ್ನು ತಾಳುತ್ತದೆ. ಅದಕ್ಕಿಂತ ಕೆಳಗೆ ಕಾಂಡ ಸತ್ತರೂ ಬೇರಿನಿಂದ ಮತ್ತೆ ಚಿಗುರುವುದುಂಟು. ಲಂಡನ್ನಿನ ಜನವರಿ ರಾತ್ರಿಗಳ ಸರಾಸರಿ ಸೊನ್ನೆಗಿಂತ ಮೇಲೇ ಇರುತ್ತದೆ, ಮರಕ್ಕೆ ಅಲ್ಲಿ ಹೇಳಿಕೊಳ್ಳುವಂಥ ಅಪಾಯವಿಲ್ಲ. ಆದರೆ ಜುಲೈಯ ಹಗಲಿನ ಗರಿಷ್ಠ ಸರಾಸರಿ 23–24 ಡಿಗ್ರಿ ಮಾತ್ರ. ಅಂಜೂರದ ವಾಣಿಜ್ಯ ಬೆಳೆಗೆ ಹೆಸರಾದ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಅದು 36 ಡಿಗ್ರಿಯನ್ನು ದಾಟುತ್ತದೆ. ಇನ್ನು ನ್ಯೂಯಾರ್ಕನ್ನು ನೋಡಿದರೆ ಚಿತ್ರ ತಲೆಕೆಳಗು. ಅಲ್ಲಿನ ಚಳಿ ಲಂಡನ್ನಿಗಿಂತ ಬಹಳ ಕಟು, ಹೊದಿಸದ ಕಾಂಡ ಕೆಲವು ವರ್ಷ ನೆಲದವರೆಗೆ ಸಾಯುತ್ತದೆ. ಆದರೂ ಬೇಸಿಗೆ 29 ಡಿಗ್ರಿಯ ಆಸುಪಾಸಿನಲ್ಲಿ, ರಾತ್ರಿಯೂ ಬೆಚ್ಚಗೆ ಇರುವುದರಿಂದ, ಬುಡದಿಂದ ಹೊಸದಾಗಿ ಎದ್ದ ಚಿಗುರೇ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಣ್ಣು ಕೊಡಬಲ್ಲದು. ಮರವನ್ನು ಕೊಲ್ಲುವ ಊರಿನಲ್ಲಿ ಹೊಸಕಡ್ಡಿ ಫಸಲು ಹಣ್ಣಾಗುತ್ತದೆ, ಮರವನ್ನು ಪೊರೆಯುವ ಊರಿನಲ್ಲಿ ಅದು ಕಾಯಿಯಾಗಿಯೇ ಉಳಿಯುತ್ತದೆ. ಚಳಿಯೇ ಮೂಲ ಅಡ್ಡಿಯಾಗಿದ್ದರೆ ಈ ಎರಡು ಊರುಗಳ ಫಲ ಅದಲುಬದಲಾಗಿರಬೇಕಿತ್ತು.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಚಳಿ ಮುಖ್ಯವಲ್ಲದಿದ್ದರೆ ಅರ್ಜಾಂತೆಯ್ ರೈತರು ರೆಂಬೆಗಳನ್ನು ಹೂಳುವ ಶ್ರಮ ಏಕೆ ಪಟ್ಟರು, ಇಂಗ್ಲೆಂಡಿನ ತೋಟಗಾರರು ಇಂದಿಗೂ ಗೋಡೆಯ ಮರಕ್ಕೆ ಹುಲ್ಲು, ಜರೀಗಿಡದ ಎಲೆ ಏಕೆ ಹೊದಿಸುತ್ತಾರೆ? ಅವರು ಕಾಪಾಡುತ್ತಿದ್ದುದು ಮರವನ್ನಲ್ಲ, ತುದಿಯ ಹೀಚನ್ನು ಎಂಬುದೇ ಉತ್ತರ. ಕಾಂಡ ತಾಳುವ ಚಳಿಯನ್ನು ಹೀಚು ತಾಳದು. ಹೀಚು ಸತ್ತರೆ ಮರ ಹಸಿರಾಗಿಯೇ ಚಿಗುರುತ್ತದೆ, ಆದರೆ ಕೈಗೆ ಬರುವ ಫಸಲು ಹೋದಂತೆಯೇ. ಹೊದಿಕೆ ಕಾಯ್ದುಕೊಡುವುದು ಹಿಂದಿನ ಬೇಸಿಗೆ ಗಳಿಸಿಟ್ಟ ಎರಡು ತಿಂಗಳನ್ನು. ಶಿಕಾಗೊದಂಥ ಊರುಗಳಲ್ಲಿ ಹೊದಿಕೆ ಮರದ ಪ್ರಾಣವನ್ನೇ ಉಳಿಸುತ್ತದೆಂಬುದು ನಿಜ. ಅದಕ್ಕೇ ಆ ಬೇಸಾಯವನ್ನು ಕಡುಚಳಿಯ ಬೇಸಾಯ ಎಂದು ಬೇರೆ ವರ್ಗದಲ್ಲಿ ಇಡುವುದು ಮೇಲು.

ಶೆಫೀಲ್ಡ್ ನಗರದ ಡಾನ್ ನದಿಯ ದಡದ ಕಾಡು ಅಂಜೂರಗಳು ಇದೇ ವಾದಕ್ಕೆ ಯಾರೂ ಯೋಜಿಸದ ಒಂದು ಪ್ರಯೋಗದಂತಿವೆ. ಸಸ್ಯಶಾಸ್ತ್ರಜ್ಞ ಆಲಿವರ್ ಗಿಲ್ಬರ್ಟ್ ಇವುಗಳ ಕಥೆಯನ್ನು ಬಿಡಿಸಿದರು. ಆಮದಾದ ಅಂಜೂರವನ್ನು ತಿಂದವರ ಮೂಲಕ ಬೀಜಗಳು ಚರಂಡಿಗೆ, ಚರಂಡಿಯಿಂದ ನದಿಗೆ ಸೇರಿದವು. ಆಗ ಉಕ್ಕಿನ ಕಾರ್ಖಾನೆಗಳು ನದಿಯ ನೀರನ್ನು ಯಂತ್ರ ತಣಿಸಲು ಬಳಸಿ ಬಿಸಿಯಾಗಿ ಹಿಂದಕ್ಕೆ ಬಿಡುತ್ತಿದ್ದುದರಿಂದ ನೀರು ಸುಮಾರು 20 ಡಿಗ್ರಿಯಲ್ಲಿರುತ್ತಿತ್ತು, ದಡದಲ್ಲಿ ಬೀಜ ಮೊಳೆತವು. ಕಾರ್ಖಾನೆಗಳು ಕಡಿಮೆಯಾಗಿ ನದಿ ತಣ್ಣಗಾದ ಮೇಲೆ ಹೊಸ ಸಸಿಗಳು ಹುಟ್ಟಲಿಲ್ಲ. ಹಳೆಯ ಮರಗಳಿಗೆ ಮಾತ್ರ ಏನೂ ಆಗದೆ ಅವು ಬೆಳೆದು ನಿಂತಿವೆ. ಮರದ ಬಾಳಿಗೆ ಬೇಕಾದ ಬಿಸಿ ಬೇರೆ, ಅದರ ವಂಶಕ್ಕೆ ಬೇಕಾದ ಬಿಸಿ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಬಿಸಿಯೊಂದೇ ಸಾಕೇ ಎಂಬುದು ಇನ್ನೊಂದು ಆಕ್ಷೇಪ. ಸಾಲದು, ಕೊನೆಯ ಹಂತಕ್ಕೆ ಒಣಹವೆಯೂ ಬೇಕು. ಇದಕ್ಕೆ ದಖ್ಖನಿನಲ್ಲೇ ನಿದರ್ಶನವಿದೆ. ಪುಣೆ ಸೀಮೆಯ ಬೆಳೆಗಾರರು ಮಳೆಗಾಲದಲ್ಲಿ ಮಾಗುವ ಫಸಲನ್ನು ಖಟ್ಟಾ ಬಹಾರ್ ಎಂದೂ ಬೇಸಿಗೆಯಲ್ಲಿ ಮಾಗುವುದನ್ನು ಮೀಠಾ ಬಹಾರ್ ಎಂದೂ ಕರೆಯುತ್ತಾರೆ. ಹುಳಿ ಮತ್ತು ಸಿಹಿ ಎಂಬ ಹೆಸರುಗಳೇ ಗುಣವನ್ನು ಹೇಳುತ್ತವೆ. ಬಳ್ಳಾರಿಯ ಬಯಲಿನಲ್ಲಿ ಅಂಜೂರ ಒಗ್ಗಿರುವುದಕ್ಕೂ ಅಲ್ಲಿನ ಬಿಸಿಲಿನಷ್ಟೇ ಒಣಹವೆಯೂ ಕಾರಣ. ಬಿಸಿಯೂ ಇಲ್ಲದೆ ಮಳೆಯೂ ತಪ್ಪದ ಇಂಗ್ಲೆಂಡಿನ ಸೆಪ್ಟೆಂಬರಿನಲ್ಲಿ ಹಣ್ಣು ಬಿರಿದು ಬೂಸು ಹಿಡಿಯುವುದು ಹೀಗಾಗಿ ಸಾಮಾನ್ಯ.

ತಳಿಗಳು

ತಂಪು ನಾಡಿಗೆ ತಳಿ ಆರಿಸುವಾಗ ಚಳಿ ತಾಳುವ ಶಕ್ತಿಯನ್ನೇ ಮೊದಲು ಕೇಳುವುದು ರೂಢಿ. ಮೇಲಿನ ಲೆಕ್ಕ ಸರಿಯಾದರೆ ಮೊದಲು ಕೇಳಬೇಕಾದದ್ದು ಯಾವ ಕಡ್ಡಿಯಲ್ಲಿ, ಎಷ್ಟು ಬೇಗ ಎಂಬುದು. ಬ್ರಿಟನ್ನಿನಲ್ಲಿ ಬಹುಕಾಲದಿಂದ ಮೇಲುಗೈ ಪಡೆದಿರುವ ಬ್ರೌನ್ ಟರ್ಕಿ ಸಾಮಾನ್ಯ ಬಗೆಯದು. ರುಚಿಯಲ್ಲಿ ಅದನ್ನು ಮೀರಿಸುವವು ಹಲವು, ನೆಚ್ಚಿಗೆಯಲ್ಲಿ ಕಡಿಮೆ. ಬ್ರನ್ಸ್‌ವಿಕ್ ದೊಡ್ಡ ಹಣ್ಣಿನದು, ವೈಟ್ ಮಾರ್ಸೇಲ್ಸ್ ತಿಳಿಹಸಿರು ಸಿಪ್ಪೆಯದು. ಅಮೆರಿಕದ ವಾಯವ್ಯ ಕರಾವಳಿ ಮತ್ತು ವ್ಯಾಂಕೂವರ್ ಸುತ್ತ ಡೆಸರ್ಟ್ ಕಿಂಗ್ ತಳಿಗೆ ಮೊದಲ ಸ್ಥಾನ. ಕ್ಯಾಲಿಫೋರ್ನಿಯಾ ಮೂಲದ ಈ ತಳಿ ಸ್ಯಾನ್ ಪೆದ್ರೊ ಬಗೆಯದು: ಹಳೆಕಡ್ಡಿಯಲ್ಲಿ ಹೇರಳ ಫಸಲು, ಹೊಸಕಡ್ಡಿಯ ಕಾಯಿ ಪರಾಗ ಸಿಗದೆ ತಾನೇ ಉದುರುತ್ತದೆ. ಬಿಸಿನಾಡಿನ ತೋಟಗಾರನಿಗೆ ಇದು ದೊಡ್ಡ ಕೊರತೆ. ತಂಪು ನಾಡಿನವನಿಗೆ ಹೇಗೂ ಹಣ್ಣಾಗದ ಕಾಯಿಯನ್ನು ಮರವೇ ಕಳಚಿಕೊಂಡಂತಾಗಿ, ಕೈಯಿಂದ ಕೀಳುವ ಕೆಲಸ ತಪ್ಪುತ್ತದೆ. ಅದೇ ಕರಾವಳಿಯಲ್ಲಿ ಹಸಿರುಹಳದಿ ಸಿಪ್ಪೆಯ ಲಟ್ಟಾರುಲಾ ಕೂಡ ಹಳೆಕಡ್ಡಿ ಫಸಲಿಗೆ ಹೆಸರಾದದ್ದು.

ಚಳಿಗೆ ಕಾಂಡ ಸಾಯುವ ಊರುಗಳಿಗೆ ಈ ತಳಿಗಳು ಹೊಂದವು; ಹಳೆಕಡ್ಡಿಯೇ ಉಳಿಯದಿದ್ದರೆ ಅದರ ಫಸಲೆಲ್ಲಿ? ಅಲ್ಲಿ ಬೇಕಾದದ್ದು ಹೊಸಕಡ್ಡಿಯಲ್ಲಿ ಬೇಗ ಮಾಗುವ ತಳಿ. ಶಿಕಾಗೊ ಹಾರ್ಡಿ ಈ ಗುಂಪಿನಲ್ಲಿ ಪ್ರಸಿದ್ಧ. ಹೆಸರು ಚಳಿ ತಾಳುವ ಗುಣವನ್ನು ಎತ್ತಿ ಹೇಳಿದರೂ, ಸತ್ತು ಎದ್ದ ಚಿಗುರಿನಲ್ಲೇ ಕಾಯಿ ಬಿಟ್ಟು ಮಾಗಿಸುವುದೇ ಅದರ ನಿಜವಾದ ಗುಣ. ಫ್ರಾನ್ಸಿನ ರೋಂದ್ ದ ಬೋರ್ದೊ ಸಣ್ಣ, ಕಪ್ಪು ಹಣ್ಣಿನದು, ಹೊಸಕಡ್ಡಿ ಫಸಲನ್ನು ಅತಿ ಬೇಗ ಮಾಗಿಸುವವುಗಳಲ್ಲಿ ಒಂದು. ಬಲ್ಗೇರಿಯಾದಿಂದ ಬಂದ ಫ್ಲೋರಿಯಾ ಸಹ ಇದೇ ಸಾಲಿಗೆ ಸೇರುತ್ತದೆ. ಒಂದೇ ತಳಿಗೆ ಊರೂರಿಗೆ ಬೇರೆ ಹೆಸರಿರುವುದರಿಂದ ಅಂಜೂರದ ತಳಿಪಟ್ಟಿಗಳನ್ನು ಎಚ್ಚರದಿಂದ ಓದಬೇಕು.

ಬೇಸಾಯ ಕ್ರಮ

ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ ನೆಟ್ಟರೆ ಅಂಜೂರ ಸುಲಭವಾಗಿ ಬೇರೂರುತ್ತದೆ. ಬೀಜದ ಸಸಿ ತಾಯಿಯ ಗುಣವನ್ನು ಹಿಡಿಯದು. ತಂಪು ನಾಡಿನಲ್ಲಿ ಗಿಡಕ್ಕೆ ಸ್ಥಳ ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಅಥವಾ ಕಲ್ಲಿನ ಗೋಡೆಯ ಬುಡ. ಲಂಡನ್ನಿನ 51ನೇ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದ ಕಡೆಗೇ ಇರುತ್ತಾನೆ. ಗೋಡೆ ಹಗಲು ಹೀರಿದ ಬಿಸಿಯನ್ನು ಸಂಜೆ ಬಿಟ್ಟುಕೊಡುತ್ತದೆ. ರೆಂಬೆಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ತಂತಿಗೆ ಕಟ್ಟುವುದರಿಂದ ಪ್ರತಿ ಎಲೆಗೂ ಗೋಡೆಯ ಶಾಖ ಸಿಗುತ್ತದೆ. ಬೇರನ್ನು ಕಟ್ಟಿಹಾಕುವುದು ಇದರ ಜೊತೆಗಿನ ಹಳೆಯ ನಿಯಮ: ಸುಮಾರು 60 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ನಾಲ್ಕು ಬದಿಗೆ ಕಲ್ಲುಚಪ್ಪಡಿ ನಿಲ್ಲಿಸಿ, ತಳಕ್ಕೆ ಇಟ್ಟಿಗೆ ಚೂರು ತುಂಬಿ ನೆಡುತ್ತಾರೆ. ಮೆಡಿಟರೇನಿಯನ್ ತೋಟಗಳಲ್ಲಿ ಇಂಥ ಬಂಧನವಿಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಬಡ ಮಣ್ಣು, ಬೇಸಿಗೆಯ ಒಣಬರಗಳೇ ಆ ಕೆಲಸವನ್ನು ಮಾಡುತ್ತವೆ. ಫಲವತ್ತಾದ, ತೇವದ ಮಣ್ಣಿನಲ್ಲಿ ಬೇರು ಸ್ವತಂತ್ರವಾದರೆ ಮರ ಎಲೆಯನ್ನೇ ಬೆಳೆಸುತ್ತದೆ. ಕಡ್ಡಿ ಉದ್ದವಾಗಿ, ಮೆದುವಾಗಿ, ಬಲಿಯದೆ ಚಳಿಗೆ ಸಿಗುತ್ತದೆ, ಅದರ ತುದಿಯ ಹೀಚೂ ಅದರೊಂದಿಗೆ ಹೋಗುತ್ತದೆ.

ವರ್ಷದ ಕೆಲಸಗಳೆಲ್ಲ ಆ ಹೀಚಿನ ಸುತ್ತ ಸುತ್ತುತ್ತವೆ. ಬೇಸಿಗೆಯ ಮೊದಲ ಭಾಗದಲ್ಲಿ ಹೊಸ ಚಿಗುರು ಐದಾರು ಎಲೆ ಬಿಟ್ಟಾಗ ತುದಿ ಚಿವುಟುತ್ತಾರೆ. ಅದರಿಂದ ಹೊರಟ ಪಕ್ಕದ ಕಡ್ಡಿಗಳು ಗಿಡ್ಡವಾಗಿ ಬಲಿತು ತುದಿಯಲ್ಲಿ ಹೀಚು ಹೊತ್ತು ನಿಲ್ಲುತ್ತವೆ. ಶರತ್ಕಾಲದ ಕೊನೆಗೆ ಬಟಾಣಿಗಿಂತ ದೊಡ್ಡದಾದ ಪ್ರತಿಯೊಂದು ಕಾಯಿಯನ್ನೂ ಕಿತ್ತೆಸೆಯಬೇಕು. ಹೊಸಬರಿಗೆ ಇದು ಕೈ ಬಾರದ ಕೆಲಸ; ದಪ್ಪ ಕಾಯಿಯನ್ನು ಬಿಸಾಡಿ ಸಣ್ಣದನ್ನು ಉಳಿಸುವುದು ಎಲ್ಲ ಬೇಸಾಯ ಬುದ್ಧಿಗೂ ವಿರುದ್ಧವೆನಿಸುತ್ತದೆ. ಆದರೆ ಅರ್ಧ ಬೆಳೆದ ಕಾಯಿ ಚಳಿಯನ್ನು ದಾಟಲಾರದು, ಉಳಿದರೆ ಕೊಳೆತು ಕಡ್ಡಿಗೂ ರೋಗ ತರುತ್ತದೆ. ಚಳಿಗಾಲದ ಸವರುವಿಕೆಯಲ್ಲಿ ಎಲ್ಲ ಕಡ್ಡಿಗಳ ತುದಿ ಕತ್ತರಿಸಿದರೆ ಮುಂದಿನ ಬೇಸಿಗೆಯ ಫಸಲನ್ನೇ ಕತ್ತರಿಸಿದಂತೆ. ಮಣ್ಣಿಗೆ ಸಾರಜನಕ ಮಿತವಾಗಿಯೂ, ಕುಂಡದ ಗಿಡಕ್ಕೆ ಕಾಯಿ ದಪ್ಪವಾಗುವಾಗ ಪೊಟ್ಯಾಸಿಯಂ ಹೆಚ್ಚಾಗಿಯೂ ಕೊಡುವುದು ರೂಢಿ.

ಕುಂಡದ ಬೇಸಾಯ ವರ್ಸೇಲ್ಸಿನ ಪೆಟ್ಟಿಗೆಯ ಮುಂದುವರಿಕೆ. ಎಲೆ ಉದುರಿದ ಗಿಡವನ್ನು ಹಿಮ ಬೀಳದ ಕತ್ತಲ ಕೊಟ್ಟಿಗೆಯಲ್ಲಿ ಮಲಗಿಸಿ, ವಸಂತದಲ್ಲಿ ಹೊರಗಿನ ಗಿಡಗಳಿಗಿಂತ ಕೆಲವು ವಾರ ಮೊದಲೇ ಗಾಜಿನ ಮಾಡಿನ ಕೆಳಗೆ ಎಬ್ಬಿಸುತ್ತಾರೆ. ಬಿಸಿಮಾಡದ ಗಾಜಿನಮನೆಯಲ್ಲಿಯೂ ಇಂಗ್ಲೆಂಡಿನಲ್ಲಿ ಎರಡು ಫಸಲು ಸಿಗುವುದುಂಟು. ಗಾಜು ಇದ್ದರೆ ಇಷ್ಟೆಲ್ಲ ಉಪಾಯ ಬೇಕಿಲ್ಲ ಎಂಬ ಮಾತು ಸರಿಯೇ, ಆದರೆ ಅದು ಮೂಲ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ: ಅದೇ ಮರ, ಅದೇ ಊರು, ಬೆಚ್ಚನೆಯ ದಿನಗಳ ಸಂಖ್ಯೆ ಮಾತ್ರ ಬೇರೆ.

ಮಾಗಿಸುವ ಉಪಾಯ

ಅರ್ಜಾಂತೆಯ್ ರೈತರಿಗೆ ಇನ್ನೊಂದು ಗುಟ್ಟು ಗೊತ್ತಿತ್ತು. ಎರಡನೆಯ ಹಂತದ ಕೊನೆಗೆ ಬಂದ ಕಾಯಿಯ ಕಣ್ಣಿಗೆ ಒಂದು ಹನಿ ಆಲಿವ್ ಎಣ್ಣೆ ಮುಟ್ಟಿಸಿದರೆ ಅದು ಪಕ್ಕದ ಕಾಯಿಗಿಂತ ಮುಂಚೆಯೇ ಮಾಗುತ್ತಿತ್ತು. ಮೆಡಿಟರೇನಿಯನ್ ದೇಶಗಳಲ್ಲಿ ಹಿಂದಿನಿಂದ ಇದ್ದ ಈ ರೂಢಿಯನ್ನು 1960ರ ದಶಕದಲ್ಲಿ ಜಪಾನ್ ಮತ್ತು ಕ್ಯಾಲಿಫೋರ್ನಿಯಾದ ಸಂಶೋಧಕರು ಪರೀಕ್ಷಿಸಿದರು. ಎಣ್ಣೆಯ ಪರಿಣಾಮದ ಹಿಂದೆ, ಕಾಯಿ ಹಣ್ಣಾಗಲು ಸೂಚನೆ ಕೊಡುವ ಎಥಿಲೀನ್ ಅನಿಲವಿದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಈ ಉಪಾಯಕ್ಕೆ ಮಿತಿಯಿದೆ. ತೀರ ಎಳೆಯ ಕಾಯಿಗೆ ಎಣ್ಣೆ ಹಚ್ಚಿದರೆ ಹಣ್ಣು ಸಪ್ಪೆಯಾಗುತ್ತದೆ ಅಥವಾ ಉದುರುತ್ತದೆ. ಬಾಗಿಲ ಬಳಿ ನಿಂತ ಕಾಯಿಯನ್ನು ಎಣ್ಣೆ ಒಳಗೆ ತಳ್ಳಬಲ್ಲದು, ದಾರಿಯ ನಡುವೆ ಇರುವುದನ್ನು ಹೊತ್ತು ತರಲಾರದು.

ರೋಗ, ಪೀಡೆ ಮತ್ತು ಎಚ್ಚರಿಕೆ

ನುಸಿಯ ಮೂಲಕ ಹರಡುವ ಅಂಜೂರ ಮೊಸಾಯಿಕ್ ರೋಗ ಕಡ್ಡಿಯೊಡನೆಯೇ ದೇಶ ದಾಟುತ್ತದೆ. ಗಾಯವಾದ, ಚಳಿಗೆ ಸತ್ತ ಕಡ್ಡಿಗೆ ಹವಳಚುಕ್ಕೆ ಶಿಲೀಂಧ್ರ ತಗುಲುತ್ತದೆ. ಹಣ್ಣಿಗೆ ಹಕ್ಕಿ ಮತ್ತು ಕಣಜಗಳ ಕಾಟ. ಮರದ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟಂಥ ಬೊಬ್ಬೆ ಏಳುತ್ತದೆ. ಅದರಲ್ಲಿರುವ ಸೋರಾಲೆನ್ ಜಾತಿಯ ರಾಸಾಯನಿಕಗಳು ಕಾರಣ.

ಬಳಕೆ

ತಂಪು ನಾಡಿನ ಅಂಜೂರ ಬಹುತೇಕ ಹಸಿಯಾಗಿ ತಿನ್ನುವ ಹಣ್ಣು. ಬಿಸಿಲಿನಲ್ಲಿ ಒಣಗಿಸುವಷ್ಟು ಬಿಸಿಲು ಅಲ್ಲಿಲ್ಲ. ತೊಟ್ಟು ಬಾಗಿ ಹಣ್ಣು ಜೋತುಬಿದ್ದಾಗ, ಸಿಪ್ಪೆಯಲ್ಲಿ ಸಣ್ಣ ಬಿರುಕು ಕಂಡಾಗ, ಕಣ್ಣಿನಲ್ಲಿ ಜೇನಿನಂಥ ಹನಿ ಮೂಡಿದಾಗ ಕೊಯ್ಯಬೇಕು. ಅಂಥ ಹಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ಇರದು. ಹಣ್ಣಾಗದ ಕಾಯಿಯೂ ಪೂರ್ತಿ ವ್ಯರ್ಥವಲ್ಲ. ಬಲ್ಗೇರಿಯಾ, ಗ್ರೀಸ್‌ಗಳಲ್ಲಿ ಹಸಿರು ಕಾಯಿಯನ್ನು ಮತ್ತೆ ಮತ್ತೆ ಕುದಿಸಿ ನೀರು ಚೆಲ್ಲಿ, ಸಕ್ಕರೆ ಪಾಕದಲ್ಲಿ ಬೇಯಿಸಿ ಇಡುತ್ತಾರೆ. ಎಲೆಯ ಪರಿಮಳವನ್ನು ಹಾಲಿಗೂ ಪಾಕಕ್ಕೂ ಇಳಿಸುವುದುಂಟು.

ಇಂದಿನ ಸ್ಥಿತಿ

ಜಗತ್ತಿನ ಅಂಜೂರದ ಉತ್ಪಾದನೆಯ ಬಹುಪಾಲು ಟರ್ಕಿ, ಈಜಿಪ್ಟ್, ಮೊರಾಕೊ, ಅಲ್ಜೀರಿಯಾಗಳ ಕೈಯಲ್ಲಿದೆ. ತಂಪು ನಾಡಿನ ಇಳುವರಿ ಅದರ ಮುಂದೆ ಗಣನೆಗೆ ಬಾರದು. ಅರ್ಜಾಂತೆಯ್ ಇಂದು ಪ್ಯಾರಿಸ್ಸಿನ ಉಪನಗರ, ಅಲ್ಲಿನ ಅಂಜೂರದ ಹೊಲಗಳನ್ನು ಮನೆಗಳು ನುಂಗಿವೆ. ಬೇಸಾಯ ಉಳಿದಿರುವುದು ಹಿತ್ತಲುಗಳಲ್ಲಿ, ಹಳೆಯ ಬಂಗಲೆಗಳ ಗೋಡೆಗಳಲ್ಲಿ ಮತ್ತು ತಳಿ ಸಂಗ್ರಾಹಕರ ಕುಂಡಗಳಲ್ಲಿ. 55ನೇ ಅಕ್ಷಾಂಶದ ಬೋರ್ನ್‌ಹೋಮ್ ದ್ವೀಪದ ಗುಡ್‌ಹೆಮ್ ಊರಿನಲ್ಲಿ ಬಯಲಿನ ಅಂಜೂರ ಹಣ್ಣಾಗುತ್ತದೆ. ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡ ಬಂಡೆ ಮತ್ತು ಸಮುದ್ರ ಅಲ್ಲಿ ಗೋಡೆಯ ಕೆಲಸ ಮಾಡುತ್ತವೆ.

ಹವಾಮಾನ ಬಿಸಿಯೇರುತ್ತಿರುವುದರಿಂದ ಈ ಪದ್ಧತಿಯೇ ಅನಗತ್ಯವಾಗುವುದೆಂಬ ಊಹೆ ಈಗ ಕೇಳಿಬರುತ್ತದೆ. ಇಂಗ್ಲೆಂಡಿನ ಕನಿಂಗ್ಸ್‌ಬಿಯಲ್ಲಿ 2022ರ ಜುಲೈಯಲ್ಲಿ 40.3 ಡಿಗ್ರಿ ದಾಖಲಾದದ್ದು ಅಂಥ ಊಹೆಗೆ ಬಲ ಕೊಡುತ್ತದೆ. ಆದರೆ ಒಂದೆರಡು ದಿನದ ಉರಿಬಿಸಿಲಿನಿಂದ ಹೊಸಕಡ್ಡಿಯ ಕಾಯಿ ಮಾಗುವುದಿಲ್ಲ, ಅದಕ್ಕೆ ಬೇಕಾದದ್ದು ಬೆಚ್ಚನೆಯ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಇನ್ನೊಂದು ತೊಡಕೂ ಇದೆ. ಅಂಜೂರಕ್ಕೆ ನಿದ್ರೆ ಮುಗಿಸಲು ಬೇಕಾದ ಚಳಿ ಬಹಳ ಕಡಿಮೆ. ಫೆಬ್ರವರಿ ಬೆಚ್ಚಗಾದರೆ ಅದು ಸೇಬಿನಂತೆ ಕಾಯದೆ ಕಣ್ಣು ಬಿಡುತ್ತದೆ. ಆಗ ಉಬ್ಬತೊಡಗಿದ ಹೀಚನ್ನು ಏಪ್ರಿಲಿನ ಒಂದು ರಾತ್ರಿಯ ಮಂಜು ಸುಡಬಲ್ಲದು. ಅದಕ್ಕಾಗಿಯೇ ಗೋಡೆಯ ಮರದ ಹೊದಿಕೆಯನ್ನು ಬೇಗ ತೆಗೆಯದೆ, ಮಂಜಿನ ಭಯ ಕಳೆದ ಮೇಲೆ ಹಂತಹಂತವಾಗಿ ಸರಿಸುವ ಹಳೆಯ ಕ್ರಮ ಇಂಗ್ಲೆಂಡಿನ ತೋಟಗಳಲ್ಲಿ ಇನ್ನೂ ನಡೆದಿದೆ.